ಬರೆದಿಡದ ಮಾತಿನ ಸಂತೋಷ

(ದೋಹಾದ ಕನ್ನಡ ಗೆಳೆಯರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)

‘ವಲಸೆ ಮತ್ತು ಅಭಿವ್ಯಕ್ತಿ’ ಎಂಬ ದೊಡ್ಡ ವಿಷಯದ ಮೇಲೆ ಮಾತನಾಡಲು ನೀವು ನನ್ನನ್ನು ಕರೆದಿದ್ದೀರಿ. ನಾನು ವಿಮರ್ಶಕಿಯಲ್ಲ, ರಂಗಕರ್ಮಿಯೂ ಅಲ್ಲ. ಇಲ್ಲಿಯ ಒಂದು ಭಾರತೀಯ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವವಳು. ಆದ್ದರಿಂದ ಈ ದೊಡ್ಡ ವಿಷಯವನ್ನು ನನಗೆ ಗೊತ್ತಿರುವ ಒಂದು ಸಣ್ಣ ಕೋಣೆಗೆ ತಂದು ಹೇಳುತ್ತೇನೆ. ಆ ಕೋಣೆ ನಮ್ಮ ಶಾಲೆಯ ಎರಡನೆಯ ಮಹಡಿಯಲ್ಲಿದೆ. ಮಂಗಳವಾರದ ಕೊನೆಯ ಪಿರಿಯಡ್ಡಿನಲ್ಲಿ ಅಲ್ಲಿಯ ಬೆಂಚುಗಳನ್ನು ಗೋಡೆಗೆ ಸರಿಸುತ್ತೇವೆ. ನಡುವೆ ಉಳಿಯುವ ಖಾಲಿ ಜಾಗದಲ್ಲಿ ಆರರಿಂದ ಹತ್ತನೆಯ ತರಗತಿಯವರೆಗಿನ ಸುಮಾರು ಇಪ್ಪತ್ತು ಮಕ್ಕಳು, ಬರೆದಿಟ್ಟ ಒಂದು ಸಾಲೂ ಇಲ್ಲದೆ, ನಾಟಕ ಆಡುತ್ತಾರೆ. ಇದನ್ನು ಇಂಪ್ರೊವ್ ಎನ್ನುತ್ತಾರೆ. ನಾನು ಆಶುನಾಟಕ ಎನ್ನುತ್ತೇನೆ. ಮಕ್ಕಳಿಗೆ ಅದು ಬರೀ ‘ಮಂಗಳವಾರ’. “ಮಿಸ್, ಈ ವಾರ ಮಂಗಳವಾರ ಇದೆಯಾ?” ಎಂದು ಕೇಳುತ್ತಾರೆ. ಕ್ಯಾಲೆಂಡರಿನಲ್ಲಿ ಇರುವ ಮಂಗಳವಾರದ ಬಗ್ಗೆ ಅವರಿಗೆ ಆಸಕ್ತಿಯಿಲ್ಲ.

ಕೆಲವು ವರ್ಷಗಳ ಹಿಂದೆ ವಾರ್ಷಿಕೋತ್ಸವಕ್ಕೆ ನಮ್ಮ ಕ್ಲಬ್ಬಿನ ಹೆಸರನ್ನೂ ಕೊಟ್ಟೆ. ಅರ್ಜಿಯಲ್ಲಿ ‘ಸ್ಕ್ರಿಪ್ಟ್ ಲಗತ್ತಿಸಿ’ ಎಂಬ ಒಂದು ಅಂಕಣವಿತ್ತು. ಅಲ್ಲಿ ‘ಇಲ್ಲ’ ಎಂದು ಬರೆದೆ. ಮಾರನೆಯ ದಿನ ಹಿರಿಯರು ಕೋಣೆಗೆ ಕರೆಸಿದರು.

“ಮಕ್ಕಳು ವೇದಿಕೆಯ ಮೇಲೆ ಏನು ಹೇಳುತ್ತಾರೆ ಮೇಡಂ?”

“ಗೊತ್ತಿಲ್ಲ ಸರ್.”

“ಮತ್ತೆ ಯಾರಿಗೆ ಗೊತ್ತು?”

“ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಆಟ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಏನು ಹೇಳುತ್ತಾರೋ ಯಾರಿಗೂ ಗೊತ್ತಿಲ್ಲದ ಮಕ್ಕಳನ್ನು ಅಷ್ಟು ಜನ ಪೋಷಕರ ಎದುರು ನಾನು ಹೇಗೆ ನಿಲ್ಲಿಸಲಿ?” ಎಂದರು. ಸಿಟ್ಟಿನ ಪ್ರಶ್ನೆಯಲ್ಲ ಅದು; ಅಂಜಿಕೆಯ ಪ್ರಶ್ನೆ. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಇಂದಿನ ನನ್ನ ಮಾತು ಆ ಪ್ರಶ್ನೆಗೆ ತಡವಾಗಿ ಹೊಳೆದ ಉತ್ತರ.

ಮೊದಲು ಆ ಕೋಣೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಹೇಳಬೇಕು. ಇಬ್ಬರು ಮಕ್ಕಳು ನಡುವೆ ಬಂದು ನಿಲ್ಲುತ್ತಾರೆ. ಉಳಿದವರು ಒಂದು ಜಾಗ, ಒಂದು ಸಂಬಂಧ ಕೂಗಿ ಹೇಳುತ್ತಾರೆ: ‘ವಿಮಾನ ನಿಲ್ದಾಣ’, ‘ಅಜ್ಜಿ–ಮೊಮ್ಮಗ’. ಅಷ್ಟೇ. ಮುಂದಿನದೆಲ್ಲ ಅಲ್ಲೇ ಹುಟ್ಟಬೇಕು. ನಿಯಮ ಒಂದೇ: ಎದುರಿನವರು ಹೇಳಿದ್ದನ್ನು ಅಲ್ಲಗಳೆಯಬಾರದು, ಒಪ್ಪಿಕೊಂಡು ಅದಕ್ಕೆ ನಿನ್ನದನ್ನು ಸೇರಿಸಬೇಕು. “ಅಜ್ಜಿ, ನಿನ್ನ ಕೈಯಲ್ಲಿರುವ ಹಲಸಿನ ಹಣ್ಣು ತುಂಬ ದೊಡ್ಡದು” ಎಂದು ಮೊಮ್ಮಗ ಹೇಳಿದರೆ, “ನನ್ನ ಕೈಯಲ್ಲಿ ಹಣ್ಣೇ ಇಲ್ಲ” ಎನ್ನುವಂತಿಲ್ಲ. “ಮೆಲ್ಲಗೆ ಮಾತಾಡು ಮಗ, ಇದರೊಳಗೆ ನಿನ್ನ ತಾತನನ್ನು ಕೂರಿಸಿ ಕರೆತಂದಿದ್ದೇನೆ, ಟಿಕೆಟ್ಟಿನ ದುಡ್ಡು ಉಳಿಯಿತು” ಎಂದಳು ಏಳನೆಯ ತರಗತಿಯ ಒಬ್ಬ ಹುಡುಗಿ. ಆ ಕ್ಷಣದಲ್ಲಿ ಕೋಣೆಯಲ್ಲಿ ಎದ್ದ ನಗುವನ್ನು ನಾನು ವರ್ಣಿಸಲಾರೆ. ಆ ತಾತ ಅವಳ ತಲೆಯಲ್ಲಿ ಮೊದಲೇ ಇರಲಿಲ್ಲ, ಅವನ ತಲೆಯಲ್ಲೂ ಇರಲಿಲ್ಲ. ಇಬ್ಬರ ನಡುವಿನ ಗಾಳಿಯಲ್ಲಿ ಹುಟ್ಟಿದ ತಾತ ಅವನು. ಅವನನ್ನು ಕಂಡು ಎಲ್ಲರಿಗಿಂತ ಹೆಚ್ಚು ಬೆರಗಾದವಳು ಅವಳೇ.

ವಿಜ್ಞಾನದ ಅಧ್ಯಾಪಕಿಯಾಗಿ ಒಂದು ಗುಟ್ಟು ಹೇಳುತ್ತೇನೆ. ನಮ್ಮ ಪ್ರಯೋಗಾಲಯದಲ್ಲಿ ಪ್ರಯೋಗಕ್ಕೆ ಮೊದಲೇ ರೆಕಾರ್ಡ್ ಪುಸ್ತಕದಲ್ಲಿ ಫಲಿತಾಂಶ ಬರೆದಿರುತ್ತಾರೆ. ಲೋಲಕ ಎಷ್ಟು ಬಾರಿ ತೂಗಬೇಕು ಎಂಬುದು ಅದನ್ನು ತೂಗಾಡಿಸುವ ಮೊದಲೇ ಮಕ್ಕಳಿಗೆ ಗೊತ್ತು. ಗೊತ್ತಿಲ್ಲದುದರ ಎದುರು ನಿಲ್ಲುವುದು ವಿಜ್ಞಾನದ ಮೊದಲ ಹೆಜ್ಜೆಯಾದರೆ, ನನ್ನ ಶಾಲೆಯಲ್ಲಿ ನಿಜವಾದ ವಿಜ್ಞಾನ ನಡೆಯುವುದು ಮಂಗಳವಾರದ ಆ ಕೋಣೆಯಲ್ಲಿ. ಬಿ.ವಿ. ಕಾರಂತರು ರವೀಂದ್ರನಾಥ ಠಾಕೂರರ ಗಿಳಿಯ ಕಥೆಯನ್ನು ‘ಪಂಜರಶಾಲೆ’ ಎಂಬ ಮಕ್ಕಳ ನಾಟಕವಾಗಿಸಿದರು. ಆ ಕಥೆಯಲ್ಲಿ ಪಂಡಿತರು ಗಿಳಿಗೆ ವಿದ್ಯೆ ಕಲಿಸಲು ಪುಸ್ತಕದ ಹಾಳೆಗಳನ್ನು ಅದರ ಗಂಟಲಿಗೆ ತುರುಕುತ್ತಾರೆ. ಕೊನೆಗೆ ಗಿಳಿ ಸುಮ್ಮನಾಗುತ್ತದೆ. ಮಕ್ಕಳ ವಾರ್ಷಿಕೋತ್ಸವಗಳಲ್ಲಿ ನಾವು ಬರೆದುಕೊಟ್ಟ ಮಾತನ್ನು ತಪ್ಪಿಲ್ಲದೆ ಒಪ್ಪಿಸುವ ಪುಟ್ಟ ಬಸವಣ್ಣನನ್ನೂ ಪುಟ್ಟ ಚೆನ್ನಮ್ಮನನ್ನೂ ಕಂಡು ಚಪ್ಪಾಳೆ ತಟ್ಟುವಾಗ ನನಗೆ ಆ ಗಿಳಿ ನೆನಪಾಗುತ್ತದೆ.

ಇದು ಪಾಶ್ಚಾತ್ಯರಿಂದ ಬಂದ ಹೊಸ ಹುಚ್ಚು ಎಂದು ಒಬ್ಬ ಪೋಷಕರು ಹೇಳಿದರು. ನಾನು ಕಾಸರಗೋಡಿನ ಕಡೆಯವಳು. ನಮಗೆ ಇದು ಹೊಸದಲ್ಲ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿದಾಗ ನಮ್ಮ ಊರಿನ ಮನೆಗಳ ಚಾವಡಿಯಲ್ಲಿ ತಾಳಮದ್ದಳೆ ನಡೆಯುತ್ತಿತ್ತು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ಮಾತನಾಡುತ್ತಾರೆ. ಪದ್ಯ ಬರೆದದ್ದು, ಅರ್ಥ ಬರೆದದ್ದಲ್ಲ. ಎದುರಿನವರು ಏನು ಕೇಳುತ್ತಾರೆ ಎಂಬುದು ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ನಮ್ಮ ಸೀಮೆಯವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರ ಮಾತು ಕೇಳಲು ಜನ ಮಳೆಯಲ್ಲಿ ನೆನೆದುಕೊಂಡು ಮೈಲುಗಟ್ಟಲೆ ನಡೆದು ಬರುತ್ತಿದ್ದರು ಎಂದು ಅಜ್ಜ ಹೇಳುತ್ತಿದ್ದರು. ರಾವಣನಾಗಿ ಸಭೆಯನ್ನು ನಡುಗಿಸುತ್ತಿದ್ದ ಅದೇ ಶೇಣಿಯವರು ‘ಬಪ್ಪನಾಡು ಕ್ಷೇತ್ರ ಮಹಾತ್ಮೆ’ಯ ಬಪ್ಪ ಬ್ಯಾರಿಯಾಗಿ ಕರಾವಳಿಯ ಮನೆಮನೆಗೂ ಪರಿಚಿತರಾದರು. ದೇವಸ್ಥಾನ ಕಟ್ಟಿಸಿದ ಮುಸ್ಲಿಂ ವ್ಯಾಪಾರಿಯ ಪಾತ್ರ ಅದು. ಇಂದಿನ ಕರಾವಳಿಯನ್ನು ನೋಡುವಾಗ ಆ ಪಾತ್ರವನ್ನು ನೆನೆಯುವುದೇ ಒಂದು ರಾಜಕೀಯ ಮಾತಾಗಿದೆ.

ತಾಳಮದ್ದಳೆಯಲ್ಲಿ ನನ್ನನ್ನು ಚಿಕ್ಕಂದಿನಲ್ಲೇ ಹಿಡಿದು ನಿಲ್ಲಿಸಿದ ಪ್ರಸಂಗ ‘ವಾಲಿವಧೆ’. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ಮರದ ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ? ಎದುರಿಗೆ ಕುಳಿತವರೆಲ್ಲ ರಾಮನ ಭಕ್ತರು. ಆದರೂ ವಾಲಿಯ ಅರ್ಥಧಾರಿಯ ಬಾಯಿ ಯಾರೂ ಮುಚ್ಚಿಸುತ್ತಿರಲಿಲ್ಲ. ರಾಮನಾದವನು ಉತ್ತರ ಕೊಡಲೇಬೇಕಿತ್ತು; ತಡವರಿಸಿದರೆ ಸಭೆ ವಾಲಿಯ ಕಡೆ ವಾಲುತ್ತಿತ್ತು. ದೇವರೂ ಉತ್ತರ ಹೇಳಬೇಕಾದ ಒಂದು ಜಾಗವನ್ನು ನಮ್ಮ ಹಿರಿಯರು ಚಾಪೆ ಹಾಸಿ ಮಾಡಿಕೊಂಡಿದ್ದರು. ಅದೂ ಸ್ಕ್ರಿಪ್ಟ್ ಇಲ್ಲದೆ.

ಆದರೆ ಹಳೆಯದೆಲ್ಲ ಚೆನ್ನಾಗಿತ್ತು ಎಂದು ಹೇಳಲು ನಾನು ಇಲ್ಲಿಗೆ ಬಂದಿಲ್ಲ. ಆ ಚಾಪೆಯ ಮೇಲೆ ಯಾರು ಕೂರಬಹುದು ಎಂಬುದಕ್ಕೆ ಬರೆಯದ ಸ್ಕ್ರಿಪ್ಟ್ ಒಂದಿತ್ತು. ಹೆಣ್ಣುಮಕ್ಕಳು ಒಳಗಿನ ಬಾಗಿಲ ಹಿಂದೆ ನಿಂತು ಕೇಳಬೇಕಿತ್ತು. ಚಹಾ ಕೊಡಲು ಮಾತ್ರ ಹೊಸ್ತಿಲು ದಾಟಬಹುದಿತ್ತು. ಅಂಗಳದಲ್ಲೇ ನಿಂತು ಕೇಳುತ್ತಿದ್ದ ಒಕ್ಕಲಿನವರು ಹೊಸ್ತಿಲವರೆಗೂ ಬರುತ್ತಿರಲಿಲ್ಲ. ರಾಮನನ್ನು ಪ್ರಶ್ನಿಸಬಹುದಿತ್ತು, ಹೊಸ್ತಿಲನ್ನು ಪ್ರಶ್ನಿಸುವಂತಿರಲಿಲ್ಲ. ಈಗ ಮಹಿಳೆಯರದೇ ತಾಳಮದ್ದಳೆ ತಂಡಗಳಿವೆ, ಕೇಳಿ ಸಂತೋಷಪಡುತ್ತೇನೆ. ಬಾಗಿಲ ಹಿಂದೆ ನಿಂತಿದ್ದ ಹುಡುಗಿ ನಾನಾದ್ದರಿಂದಲೇ ಮಂಗಳವಾರದ ಕೋಣೆಯಲ್ಲಿ ಬಾಗಿಲು ಹಾಕುವುದಿಲ್ಲ. ಕಾರಿಡಾರಿನಲ್ಲಿ ನೆಲ ಒರೆಸುವ ಅಕ್ಕ ಇಣುಕಿ ನಕ್ಕು ಹೋಗುತ್ತಾರೆ. ಒಂದೆರಡು ಬಾರಿ ಅವರೇ ಜಾಗದ ಹೆಸರು ಕೂಗಿ ಕೊಟ್ಟಿದ್ದಾರೆ.

ಇನ್ನು ಪಾಶ್ಚಾತ್ಯರ ಮಾತು. ಅಲ್ಲಿಯೂ ಈ ಕಲೆ ಹುಟ್ಟಿದ್ದು ಅರಮನೆಯಲ್ಲಲ್ಲ. ವಯೋಲಾ ಸ್ಪೋಲಿನ್ ಎಂಬ ಮಹಿಳೆ 1906ರಲ್ಲಿ ಶಿಕಾಗೋದ ವಲಸಿಗ ಯಹೂದಿ ಕುಟುಂಬದಲ್ಲಿ ಹುಟ್ಟಿದಳು. ಜೇನ್ ಆಡಮ್ಸ್ ಕಟ್ಟಿದ್ದ ಹಲ್ ಹೌಸ್ ಎಂಬ ಸೇವಾಕೇಂದ್ರದಲ್ಲಿ ನೆವಾ ಬಾಯ್ಡ್ ಎಂಬ ಗುರುವಿನಿಂದ ಆಟಗಳ ಮೂಲಕ ಕಲಿಸುವುದನ್ನು ಕಲಿತಳು. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಅಮೆರಿಕ ಸರ್ಕಾರದ ಉದ್ಯೋಗ ಯೋಜನೆಯೊಂದರ ಅಡಿ ಅವಳಿಗೆ ನಾಟಕದ ಮೇಲ್ವಿಚಾರಕಿಯ ಕೆಲಸ ಸಿಕ್ಕಿತು. ಅವಳ ಎದುರಿಗಿದ್ದವರು ಬೇರೆ ಬೇರೆ ದೇಶಗಳಿಂದ ಬಂದ ಬಡವರ ಮಕ್ಕಳು; ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಬರೆದ ನಾಟಕ ಕೊಟ್ಟರೆ ಓದಲಾಗದು. ಆದ್ದರಿಂದ ಅವಳು ಆಟಗಳನ್ನು ಕಟ್ಟಿದಳು. 1963ರಲ್ಲಿ ಆ ಆಟಗಳು ಪುಸ್ತಕವಾದವು. ಅವಳ ಮಗ ಪಾಲ್ ಸಿಲ್ಸ್ 1959ರಲ್ಲಿ ಗೆಳೆಯರೊಡನೆ ಕಟ್ಟಿದ ‘ಸೆಕೆಂಡ್ ಸಿಟಿ’ ಹಾಸ್ಯ ತಂಡದ ಬೇರು ತಾಯಿಯ ಆ ಆಟಗಳಲ್ಲಿದೆ. ಜಗತ್ತು ನಗುವ ದೊಡ್ಡ ಉದ್ಯಮದ ಒಂದು ಬೇರು ವಲಸಿಗರ ಮಕ್ಕಳ ಭಾಷೆಯ ತೊಡಕಿನಲ್ಲಿದೆ ಎಂಬುದನ್ನು ಓದಿದ ದಿನ ನನಗೆ ನಮ್ಮ ದೋಹಾದ ಕೋಣೆ ಇದ್ದಕ್ಕಿದ್ದಂತೆ ದೊಡ್ಡದಾಗಿ ಕಂಡಿತು.

ಏಕೆಂದರೆ ನಮ್ಮ ಕೋಣೆಯೂ ಹಾಗೆಯೇ ಇದೆ. ಕತಾರಿನಲ್ಲಿ ಭಾರತೀಯರೇ ಏಳು ಲಕ್ಷಕ್ಕೂ ಹೆಚ್ಚು. ನನ್ನ ಕ್ಲಬ್ಬಿನಲ್ಲಿ ಮಲಯಾಳ, ತಮಿಳು, ಉರ್ದು, ಬ್ಯಾರಿ, ತುಳು, ಕೊಂಕಣಿ, ತೆಲುಗು ಮನೆಗಳ ಮಕ್ಕಳಿದ್ದಾರೆ. ಶಾಲೆಯ ಭಾಷೆ ಇಂಗ್ಲಿಷ್, ಬೀದಿಯ ಭಾಷೆ ಅರಬ್ಬಿ ಬೆರೆತ ಹಿಂದಿ. ಒಂದು ವರ್ಷ ರಾಯಚೂರು ಕಡೆಯಿಂದ ಒಬ್ಬ ಹುಡುಗ ಆರನೆಯ ತರಗತಿಗೆ ನಡುವರ್ಷದಲ್ಲಿ ಬಂದು ಸೇರಿದ. ಇಂಗ್ಲಿಷ್ ಬಾರದೆಂದು ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಮಂಗಳವಾರ ಅವನನ್ನು ಕರೆತಂದು ಕೂರಿಸಿದೆ. ಅಂದಿನ ಆಟ: ಒಬ್ಬರು ಯಾವ ದೇಶದ್ದೂ ಅಲ್ಲದ ಸುಳ್ಳುಭಾಷೆಯಲ್ಲಿ ಭಾಷಣ ಮಾಡಬೇಕು, ಇನ್ನೊಬ್ಬರು ಅದನ್ನು ಅನುವಾದಿಸಬೇಕು. ಸುಳ್ಳುಭಾಷೆ ಹುಟ್ಟಿಸಲು ಅವನಿಗೆ ಧೈರ್ಯ ಸಾಲಲಿಲ್ಲ. ಕೊನೆಗೆ ತನ್ನ ಭಾಷೆಯಲ್ಲೇ ಹೇಳಿದ: “ನಮ್ಮವ್ವ ಕೊಟ್ಟಿದ್ ರೊಟ್ಟಿ ಬಸ್ಸಿನ್ಯಾಗ ಬಿಟ್ ಬಂದೀನ್ರಿ.”

ಕನ್ನಡದ ಒಂದಕ್ಷರವೂ ಬಾರದ ಮಲಯಾಳಿ ಹುಡುಗಿ ಗಂಭೀರವಾಗಿ ಅನುವಾದಿಸಿದಳು: “ಮಹಾರಾಜರು ಹೇಳುತ್ತಿದ್ದಾರೆ, ತಮ್ಮ ಒಂಟೆ ಮುಂಬೈ ವಿಮಾನ ತಪ್ಪಿಸಿಕೊಂಡಿದೆ.”

ಹುಡುಗ ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ಕೈಯೆತ್ತಿ ರಾಜನ ಹಾಗೆ ಗುಡುಗಿದ: “ಹೌದ್ರಿ! ಅದರ ಜೋಡಿ ಶೇಂಗಾ ಚಟ್ನಿನೂ ಇತ್ತು!”

“ಒಂಟೆಯ ಲಗೇಜು ಮಾತ್ರ ವಿಮಾನದಲ್ಲಿ ಹೋಗಿದೆಯಂತೆ!”

ಕನ್ನಡ ಬಲ್ಲ ನಾಲ್ಕು ಮಕ್ಕಳು ಎರಡೆರಡು ಸಲ ನಕ್ಕರು, ಮೂಲಕ್ಕೊಂದು, ಅನುವಾದಕ್ಕೊಂದು. ಉಳಿದವರು ಅವರ ನಗು ಕಂಡು ಮತ್ತೆ ನಕ್ಕರು. ಮುಂದಿನ ವಾರ ಮಕ್ಕಳು ‘ಒಂಟೆಭಾಷೆ’ಯನ್ನೇ ಬೇಡಿದರು. ಶಾಲೆಯ ಯಾವ ಪರೀಕ್ಷೆಯಲ್ಲೂ ಅಂಕ ತರದ ಅವನ ಕನ್ನಡ ಆ ಕೋಣೆಯ ಬಂಡವಾಳವಾಯಿತು. ಇಂಗ್ಲಿಷನ್ನೂ ಕನ್ನಡವನ್ನೂ ಕಲಸಿ ಕೈಲಾಸಂ ಕಟ್ಟಿದ ಸಂಭಾಷಣೆಗೆ ನೂರು ವರ್ಷಗಳ ಹಿಂದೆಯೇ ನಕ್ಕವರು ನಾವು. ಭಾಷೆ ಬೆರೆತರೆ ಕೆಡುತ್ತದೆ ಎಂದು ಹೆದರುವುದಕ್ಕಿಂತ, ಬೆರೆಯುವ ಜಾಗದಲ್ಲಿ ನಮ್ಮ ಮಕ್ಕಳ ಕನ್ನಡ ನಾಚಿ ಹಿಂದೆ ನಿಲ್ಲುತ್ತಿದೆಯೋ, ಎದೆಯುಬ್ಬಿಸಿ ಗುಡುಗುತ್ತಿದೆಯೋ ಎಂದು ನೋಡಬೇಕು.

ಈ ಊರಿನ ಚರಿತ್ರೆಯೂ ಆ ಕೋಣೆಗೆ ಬರುತ್ತದೆ. 2017ರ ಜೂನಿನಲ್ಲಿ ನೆರೆಯ ದೇಶಗಳು ಕತಾರಿನ ಗಡಿ ಮುಚ್ಚಿದ್ದು ನಿಮಗೆ ನೆನಪಿದೆ. ಅಂಗಡಿಯ ಹಾಲಿನ ಕಪಾಟು ಖಾಲಿಯಾದ ದಿನ ದೊಡ್ಡವರೆಲ್ಲ ಪಿಸುಮಾತಿನಲ್ಲಿ ಮಾತನಾಡುತ್ತಿದ್ದರು. ಜುಲೈಯಲ್ಲಿ ಹಾಲಿಗಾಗಿ ಹಸುಗಳೇ ವಿಮಾನದಲ್ಲಿ ಬಂದಿಳಿದವು. ರಜೆ ಮುಗಿದು ಸೆಪ್ಟೆಂಬರಿನಲ್ಲಿ ಮರಳಿದ ಮಕ್ಕಳು ಮೂರು ವಾರ ಬೇರೆ ಏನನ್ನೂ ಆಡಲಿಲ್ಲ: ಕಿಟಕಿಯ ಸೀಟು ಬೇಕೆಂದು ಹಟ ಹಿಡಿದ ಹಸು, ಸೀಟ್ ಬೆಲ್ಟ್ ಕಟ್ಟಲು ಪರದಾಡುವ ಗಗನಸಖಿ, ಇಳಿದ ಮೇಲೆ “ನಿನ್ನ ಪ್ರಾಯೋಜಕ ಯಾರು?” ಎಂದು ಕೇಳುವ ಅಧಿಕಾರಿ. “ನಾನು ಕೆಲಸ ಬದಲಾಯಿಸಬಹುದಾ?” ಎಂದು ಹಸು ಕೇಳಿದಾಗ ನಾನು ನಗುವುದನ್ನು ಮರೆತೆ. ಹನ್ನೆರಡು ವರ್ಷದ ಹುಡುಗನಿಗೆ ಆ ಪ್ರಶ್ನೆ ಎಲ್ಲಿಂದ ಬಂತು? ಮನೆಯ ಊಟದ ಮೇಜಿನಿಂದ. ಮಕ್ಕಳ ವಾಸದ ಪರವಾನಗಿ ತಂದೆಯ ಅಥವಾ ತಾಯಿಯ ಕೆಲಸಕ್ಕೆ ಅಂಟಿಕೊಂಡಿರುತ್ತದೆ ಎಂಬುದನ್ನು ನಾವು ಮಕ್ಕಳಿಗೆ ಹೇಳುವುದಿಲ್ಲ. ಅವರಿಗೆ ಗೊತ್ತಿದೆ. ಹೇಳಲು ಜಾಗ ಸಿಗದೆ ಸುಮ್ಮನಿರುತ್ತಾರೆ, ಹಸುವಿನ ಬಾಯಿ ಸಿಕ್ಕಿದೊಡನೆ ಹೇಳುತ್ತಾರೆ.

ಗೆಳೆಯರೆ, ನಗುವೆಲ್ಲ ಒಳ್ಳೆಯದಲ್ಲ. ಇದನ್ನೂ ಆ ಕೋಣೆಯೇ ನನಗೆ ಕಲಿಸಿತು. ಒಮ್ಮೆ ಒಬ್ಬ ಹುಡುಗ ಕಟ್ಟಡ ಕೆಲಸಗಾರನಾದ. ತಲೆಗೆ ಕಾಣದ ಹೆಲ್ಮೆಟ್ಟು, ಬಾಯಲ್ಲಿ ಅಣಕದ ಉಚ್ಚಾರ, ಮಾತಿಗೊಮ್ಮೆ “ಯೆಸ್ ಸಾರ್”. ಜಾರಿ ಬೀಳುತ್ತಾನೆ, ಏಳುತ್ತಾನೆ, ಮತ್ತೆ ಬೀಳುತ್ತಾನೆ. ಕೋಣೆ ನಗುತ್ತಿತ್ತು. ನಾನು ಆಟ ನಿಲ್ಲಿಸಿ ಬುದ್ಧಿ ಹೇಳಲು ಎದ್ದೆ. ಅಷ್ಟರಲ್ಲಿ ಎಂಜಿನಿಯರ್ ಆಗಿ ನಿಂತಿದ್ದ ಹುಡುಗಿ, ಅದೇ ನಿಯಮದಂತೆ ಅವನನ್ನು ಒಪ್ಪಿಕೊಂಡು ಕೇಳಿದಳು: “ಈ ಕಟ್ಟಡ ಪೂರ್ತಿ ನೀನೇ ಕಟ್ಟಿದ್ದಲ್ಲವಾ? ಇದರಲ್ಲಿ ನಿನ್ನ ಮನೆ ಎಷ್ಟನೆಯ ಮಹಡಿ?”

ಅವನಿಗೆ ಉತ್ತರ ಹೊಳೆಯಲಿಲ್ಲ. ಅಲ್ಲಗಳೆಯುವಂತೆಯೂ ಇರಲಿಲ್ಲ. ಸ್ವಲ್ಪ ಹೊತ್ತು ನಿಂತು, ಅಣಕದ ಉಚ್ಚಾರ ಬಿಟ್ಟು ಹೇಳಿದ: “ಹನ್ನೆರಡನೆಯ ಮಹಡಿ. ಆದರೆ ಲಿಫ್ಟ್ ಹಾಕಿದ ಮೇಲೆ ನನ್ನನ್ನು ಮೇಲೆ ಬಿಡುತ್ತಿಲ್ಲ.”

ನಗು ನಿಂತಿತು. ಆಮೇಲೆ ಆಟ ಮುಂದುವರಿಯಿತು. ಇಬ್ಬರೂ ಸೇರಿ ಲಿಫ್ಟಿನವನನ್ನು ಏಮಾರಿಸಿ ಹನ್ನೆರಡನೆಯ ಮಹಡಿಗೆ ಏರಿದರು. ಮತ್ತೆ ನಗು ಬಂತು. ಈ ಸಲ ಅದು ಬೀಳುವವನ ಮೇಲಿನ ನಗು ಆಗಿರಲಿಲ್ಲ. ಬೇಸಿಗೆಯಲ್ಲಿ ಬೆಳಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ಬಯಲಿನ ಕೆಲಸ ನಿಷಿದ್ಧ ಎಂಬ ಇಲ್ಲಿಯ ನಿಯಮವನ್ನೂ, ಅದು ಏಕೆ ಬೇಕಾಯಿತು ಎಂಬುದನ್ನೂ ಮುಂದಿನ ವಾರ ನನ್ನ ವಿಜ್ಞಾನದ ತರಗತಿಯಲ್ಲಿ ದೇಹದ ಉಷ್ಣತೆಯ ಪಾಠದೊಡನೆ ಹೇಳಿದೆ. ಆದರೆ ಆ ಹುಡುಗಿಯ ಒಂದು ಪ್ರಶ್ನೆ ಮಾಡಿದ ಕೆಲಸವನ್ನು ನನ್ನ ಪಾಠ ಮಾಡಲಿಲ್ಲ. ಅಂದಿನಿಂದ ಮಕ್ಕಳೇ ಎರಡನೆಯ ನಿಯಮ ಮಾಡಿಕೊಂಡಿದ್ದಾರೆ: ‘ಯಾರಾಗಿ ಆಡುತ್ತೀಯೋ ಅವರು ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೆ ಎಂದುಕೊಂಡು ಆಡು.’ ಬಾಗಿಲು ತೆರೆದೇ ಇರುವುದರಿಂದ ಅದು ಬರೀ ಕಲ್ಪನೆಯಲ್ಲ.

ಈಗ ಸ್ಕ್ರಿಪ್ಟಿನ ಪ್ರಶ್ನೆಗೆ ಮರಳುತ್ತೇನೆ. ಬರೆದದ್ದನ್ನು ಮೊದಲೇ ತೋರಿಸು ಎಂಬ ಬೇಡಿಕೆಗೆ ಉದ್ದದ ಇತಿಹಾಸವಿದೆ. ಬಂಗಾಳದ ನಾಟಕಗಳು ಬಿಳಿಯ ದೊರೆಗಳನ್ನು ಅಣಕಿಸಿದಾಗ ಬ್ರಿಟಿಷರು 1876ರಲ್ಲಿ ನಾಟಕ ಪ್ರದರ್ಶನ ಕಾಯ್ದೆ ತಂದರು. ಸ್ವತಂತ್ರ ಭಾರತ ಅದನ್ನು ಪುಸ್ತಕದಿಂದ ಪೂರ್ತಿಯಾಗಿ ಅಳಿಸಿದ್ದು 2018ರಲ್ಲಿ. ಬ್ರಿಟನ್ನಿನಲ್ಲೇ 1968ರವರೆಗೆ ಪ್ರತಿ ನಾಟಕದ ಬರಹವೂ ಅರಮನೆಯ ಅಧಿಕಾರಿಯೊಬ್ಬರ ಒಪ್ಪಿಗೆ ಪಡೆಯಬೇಕಿತ್ತು. ಶಾಲಾ ಅಧ್ಯಾಪಕನಾಗಿದ್ದು ಮುಂದೆ ಆಶುನಾಟಕದ ದೊಡ್ಡ ಗುರುವಾದ ಕೀತ್ ಜಾನ್‌ಸ್ಟನ್‌ಗೆ ಇದೇ ತೊಡಕಾಯಿತು. ಬರಹವೇ ಇಲ್ಲದ ನಾಟಕಕ್ಕೆ ಒಪ್ಪಿಗೆ ಎಲ್ಲಿಂದ ಪಡೆಯುವುದು? ಆತ ಅದನ್ನು ‘ತರಗತಿ’ ಎಂದು ಕರೆದು ಜನರ ಎದುರು ಆಡಿಸಿದ. ಓದಿ ನಗು ಬಂತು. ನಾನು ತರಗತಿಯನ್ನು ನಾಟಕವಾಗಿಸಲು ಹೆಣಗುತ್ತಿದ್ದೆ, ಆತ ನಾಟಕವನ್ನು ತರಗತಿಯಾಗಿಸಿ ಪಾರಾಗಿದ್ದ.

ನಮ್ಮ ನಾಡಿನಲ್ಲಿ ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ವನ್ನು ಸಾವಿರಾರು ಬಾರಿ ಆಡಿದರು. ಅಂದಂದಿನ ಸುದ್ದಿ ಅಂದಂದೇ ಅವರ ಮಾತಿಗೆ ಸೇರುತ್ತಿತ್ತು. ಮೊದಲ ಸಾಲಿನಲ್ಲಿ ಕುಳಿತ ಮಂತ್ರಿಯೂ ಸೇರುತ್ತಿದ್ದ. ಅವರ ಮೇಲೆ ಸಿಟ್ಟಾದವರಿದ್ದರು, ಕೋರ್ಟಿಗೆ ಎಳೆದವರಿದ್ದರು. ಆದರೂ ಅವರು ಆಡಿದರು, ಜನ ನಕ್ಕರು.

ಅದೇ ನಾಡಿನ ಬೀದರಿನಲ್ಲಿ 2020ರ ಜನವರಿಯಲ್ಲಿ ಶಾಲೆಯೊಂದರ ಪುಟ್ಟ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ಒಂದು ನಾಟಕ ಆಡಿದರು. ದೇಶದ್ರೋಹದ ಮೊಕದ್ದಮೆ ಹೂಡಲಾಯಿತು. ಮುಖ್ಯೋಪಾಧ್ಯಾಯಿನಿಯೂ ಒಬ್ಬ ವಿದ್ಯಾರ್ಥಿಯ ತಾಯಿಯೂ ಜೈಲು ಸೇರಿದರು. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು ಮಕ್ಕಳನ್ನು ವಿಚಾರಿಸಿದರು: ಈ ಮಾತನ್ನು ನಿಮಗೆ ಹೇಳಿಕೊಟ್ಟವರು ಯಾರು? ಕರ್ನಾಟಕ ಹೈಕೋರ್ಟ್ ಆ ಮೊಕದ್ದಮೆಯನ್ನು ರದ್ದುಮಾಡಿದ್ದು 2023ರ ಜೂನಿನಲ್ಲಿ. ಅಷ್ಟರಲ್ಲಿ ಮೂರು ವರ್ಷ ಕಳೆದಿತ್ತು. 2021ರ ಜನವರಿ 1ರಂದು ಇಂದೋರಿನಲ್ಲಿ ಮುನವ್ವರ್ ಫಾರೂಕಿ ಎಂಬ ಹಾಸ್ಯಗಾರನನ್ನು, ಅಂದು ಆಡಿರದ ಮಾತಿಗಾಗಿ ಹಿಡಿದರು. ಅದೇ ವರ್ಷದ ನವೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲೂ ಅವನ ಕಾರ್ಯಕ್ರಮ ನಡೆಯಲಿಲ್ಲ. ‘ಹೇಳಿಕೊಟ್ಟವರು ಯಾರು’ ಎಂಬ ಪ್ರಶ್ನೆಯನ್ನು ಗಮನಿಸಿ. ಮಗುವಿಗೆ ಸ್ವಂತ ಮಾತು ಇರಲಾರದು ಎಂಬ ನಂಬಿಕೆ ಅದರೊಳಗಿದೆ. ಸ್ಕ್ರಿಪ್ಟ್ ಕೇಳುವವರಲ್ಲೂ, ಮೊಕದ್ದಮೆ ಹೂಡುವವರಲ್ಲೂ, ಬರೆದುಕೊಟ್ಟದ್ದನ್ನು ಮಗು ಚೆನ್ನಾಗಿ ಒಪ್ಪಿಸಿತೆಂದು ಚಪ್ಪಾಳೆ ತಟ್ಟುವ ನಮ್ಮಲ್ಲೂ ಅದು ಬೇರೆ ಬೇರೆ ಪ್ರಮಾಣದಲ್ಲಿ ಇದೆ.

ಇಲ್ಲಿ ಕುಳಿತು ಊರಿನವರನ್ನು ಬೈಯುವುದು ಸುಲಭ. ನಾವು ಇಲ್ಲಿ ಬಾಯಿ ಬಿಗಿಹಿಡಿದು ಬದುಕುವವರು. ಅತಿಥಿಗಳಾಗಿರುವ ದೇಶದ ಬಗ್ಗೆ ಮಾತನಾಡುವುದಿಲ್ಲ. ಊರಿಗೆ ಹೋದಾಗ ವಿಮಾನ ನಿಲ್ದಾಣದಲ್ಲಿ ತೊಂದರೆಯಾದೀತೆಂದು ಊರಿನ ಬಗ್ಗೆಯೂ ಅಳೆದು ತೂಗಿ ಮಾತನಾಡುತ್ತೇವೆ. ನನ್ನ ಎದುರು ಕನ್ನಡಕ ತೆಗೆದಿಟ್ಟ ಆ ಹಿರಿಯರ ವೀಸಾ ಕೂಡ ಒಂದು ಕೆಲಸಕ್ಕೆ ಕಟ್ಟಿದ್ದೇ. ಅವರ ಅಂಜಿಕೆಯನ್ನು ನಾನು ಹೀಗಳೆಯಲಾರೆ, ಏಕೆಂದರೆ ಅದು ನನ್ನದೂ ಹೌದು. ಮಕ್ಕಳನ್ನು ನಮ್ಮ ಧೈರ್ಯದ ಗುರಾಣಿಯಾಗಿ ಮುಂದೆ ನಿಲ್ಲಿಸುವ ಹಕ್ಕು ನಮಗಿಲ್ಲ. ಅವರ ಬಾಯಿಂದ ನಮ್ಮ ಘೋಷಣೆ ಹೇಳಿಸುವುದೂ ಒಂದು ಸ್ಕ್ರಿಪ್ಟೇ.

ಆಶುನಾಟಕ ಕೊಡುವುದು ಬೇರೆ ಬಗೆಯದು. ಎದುರಿನವರ ಮಾತನ್ನು ಪೂರ್ತಿ ಕೇಳುವುದು. ತಪ್ಪಿದರೆ ಸಾಯುವುದಿಲ್ಲ ಎಂದು ಮೈಗೆ ಗೊತ್ತಾಗುವುದು. ತನ್ನೊಳಗೆ ತನಗೇ ಗೊತ್ತಿರದ ಮಾತುಗಳಿವೆ ಎಂದು ಬೆರಗಾಗುವುದು. ಈ ಮೂರನ್ನೂ ಅನುಭವಿಸಿದ ಮಗು ಮುಂದೆ ಯಾರೋ ಬರೆದುಕೊಟ್ಟ ದ್ವೇಷದ ಸಾಲನ್ನು ಓದುವಾಗ ಸ್ವಲ್ಪ ತಡವರಿಸುತ್ತದೆ ಎಂಬುದು ನನ್ನ ನಂಬಿಕೆ. ಆ ತಡವರಿಕೆಯೇ ನನಗೆ ಸಾಕು.

ಕೊನೆಗೆ ಏನಾಯಿತು ಎಂದು ಕೇಳುತ್ತೀರಿ. ಹಿರಿಯರಿಗೆ ಒಂದು ಹಾಳೆ ಕೊಟ್ಟೆ. ಅದರಲ್ಲಿ ಮಕ್ಕಳ ಎರಡು ನಿಯಮಗಳನ್ನು ಬರೆದಿದ್ದೆ. “ಮಾತು ಗೊತ್ತಿಲ್ಲ ಸರ್, ಮಾತಾಡುವ ರೀತಿ ಮಾತ್ರ ಗೊತ್ತು” ಎಂದೆ. ಅವರು ಒಂದು ಮಂಗಳವಾರ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಜಾಗ ಕೂಗಲು ಹೇಳಿದಾಗ ಮೊದಲು ಮಕ್ಕಳು ಹೆದರಿ ಸುಮ್ಮನಿದ್ದರು. ಅವರೇ “ನನ್ನ ಆಫೀಸು” ಎಂದರು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಅವರಾದಳು. ಕಾಣದ ಕನ್ನಡಕ ತೆಗೆದು ಕಾಣದ ಮೇಜಿನ ಮೇಲಿಟ್ಟಳು. ಅವಳು ಆ ಕೋಣೆಯೊಳಗೆ ಅಂದು ಇರಲಿಲ್ಲ. ಮಕ್ಕಳು ನಮ್ಮನ್ನು ಎಷ್ಟು ನೋಡಿಕೊಂಡಿರುತ್ತಾರೆ ನೋಡಿ. ಎದುರಿಗೆ ನಿಂತ ಹುಡುಗ ಕೇಳಿದ: “ಸರ್, ನೀವು ಏನು ಹುಡುಕುತ್ತಿದ್ದೀರಿ?” ಅವಳು ಮೇಜನ್ನು ತಡವುತ್ತಾ ಹೇಳಿದಳು: “ನಾಳೆ ನಾನು ಏನು ಹೇಳಬೇಕೆಂದು ಯಾರೋ ಬರೆದುಕೊಟ್ಟಿದ್ದರು. ಆ ಹಾಳೆ ಸಿಗುತ್ತಿಲ್ಲ.”

ಹಿರಿಯರು ನಕ್ಕರೇ? ನಕ್ಕರು, ಸ್ವಲ್ಪ ತಡವಾಗಿ. ಅನುಮತಿಯೂ ಸಿಕ್ಕಿತು: ಹದಿನೈದು ನಿಮಿಷ, ಶಾಲೆಯವರ ಎದುರಿಗೆ ಮಾತ್ರ, ಯಾರೂ ಮೊಬೈಲಿನಲ್ಲಿ ಚಿತ್ರೀಕರಿಸಬಾರದು. ಪೂರ್ತಿ ಗೆಲುವಲ್ಲ. ಆದರೆ ಚಿತ್ರೀಕರಣ ಬೇಡವೆಂದದ್ದು ಉಪಕಾರವೇ ಆಯಿತು. ಅಂದು ಹೇಳಿದ್ದೆಲ್ಲ ಅಂದೇ ಮುಗಿಯಿತು. ಯಾರ ಫೋನಿನಲ್ಲೂ ಇಲ್ಲ, ಯಾರ ಮೇಲೂ ಸಾಕ್ಷಿಯಲ್ಲ. ಅಲ್ಲಿದ್ದವರ ನೆನಪಿನಲ್ಲಿ ಮಾತ್ರ ಇದೆ.

ಗಲ್ಫಿನ ಮಕ್ಕಳು ನಿಲ್ಲುವುದಿಲ್ಲ. ತಂದೆಯ ಕೆಲಸ ಮುಗಿದರೆ ಒಂದು ತಿಂಗಳಲ್ಲಿ ಕೋಣೆಯಿಂದ ಒಬ್ಬರು ಕಡಿಮೆ. ರಾಯಚೂರಿನ ಆ ಹುಡುಗನೂ ಊರಿಗೆ ಮರಳಿದ. ಹೊರಡುವ ಮೊದಲಿನ ಮಂಗಳವಾರ ತಾನೇ ಅನುವಾದಕನಾಗುತ್ತೇನೆಂದ. ಮಲಯಾಳಿ ಹುಡುಗಿ ಮಲಯಾಳದಲ್ಲಿ ಏನೋ ಹೇಳಿದಳು. ಕಾಸರಗೋಡಿನವಳಾದ ನನಗೆ ಅರ್ಥವಾಯಿತು: ನೀನು ಹೋದ ಮೇಲೆ ಒಂಟೆಭಾಷೆ ಯಾರು ಮಾತಾಡುತ್ತಾರೆ ಎಂದು ಕೇಳಿದ್ದಳು. ಅವನಿಗೆ ಮಲಯಾಳ ಬಾರದು. ಎಲ್ಲರ ಕಡೆ ತಿರುಗಿ ಗಂಭೀರವಾಗಿ ಅನುವಾದಿಸಿದ: “ಮಹಾರಾಣಿಯವರಿಗೆ ರೊಟ್ಟಿ ಬೇಕಂತ್ರಿ. ಮುಂದಿನ ಬಸ್ಸಿಗೆ ಕಳಸ್ತೀನಿ.”

ಅವನಿಗೆ ಅದನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಇಂದು ಮನೆಗೆ ಮರಳಿದ ಮೇಲೆ ನಿಮ್ಮ ಮಕ್ಕಳಿಗೆ ಒಂದು ಜಾಗ, ಒಂದು ಸಂಬಂಧ ಕೂಗಿ ಹೇಳಿ. ಆಮೇಲೆ ಸುಮ್ಮನೆ ಕುಳಿತು ಕೇಳಿ. ನಿಮ್ಮ ಮಾತೇ ಅಲ್ಲಿ ಬಂದರೆ ಬೇಸರಿಸಬೇಡಿ.